ಕಿಂಗ್‌ಮೇಕರ್‌ನಲ್ಲಿ ರಾಜ್ಯ ಕಟ್ಟಲು ಯಾವ ನಿಯಮ ಹಿಡಿಯಬೇಕು?

ಪಾತ್‌ಫೈಂಡರ್ ಅಂದರೆ ಟೇಬಲ್ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರ ಹಿಡಿದು, ದಾಳ ಉರುಳಿಸುತ್ತಾ ಕಥೆ ನಡೆಸುವ ಆಟ. ಅದರಲ್ಲಿ ಕಾಡುನೆಲದಲ್ಲಿ ಸ್ವಂತ ರಾಜ್ಯ ಕಟ್ಟುವ ದೊಡ್ಡ ಕಥೆ ಕಿಂಗ್‌ಮೇಕರ್. ಅದನ್ನು ಆಡಿಸುವ ಜಿಎಂಗಳಿಗೆಲ್ಲ, ಅಂದರೆ ಕಥೆ ನಡೆಸುವ ಗೇಮ್ ಮಾಸ್ಟರ್‌ಗಳಿಗೆಲ್ಲ, ಒಂದಲ್ಲ ಒಂದು ದಿನ ಈ ತಲೆನೋವು ಬಂದೇ ಬರುತ್ತದೆ. ಮೊದಲ ಭಾಗ ಚೆನ್ನಾಗಿ ಸಾಗಿರುತ್ತದೆ. ಕಾಡು ಸುತ್ತಿದ್ದಾಯಿತು, ಒಲೆಗ್‌ನ ಅಂಗಡಿ ಕಾಪಾಡಿದ್ದಾಯಿತು, ದರೋಡೆಕೋರರ ನಾಯಕ ಸ್ಟ್ಯಾಗ್ ಲಾರ್ಡ್‌ನ ಕೋಟೆ ಹಿಡಿದಿದ್ದಾಯಿತು. ಈಗ ಎದುರಿಗೆ ಯಾರದ್ದೂ ಅಲ್ಲದ ನೆಲ ಬಿದ್ದಿದೆ, ಐದು ಜನ ಆಟಗಾರರು ನಕ್ಷೆಯ ಮೇಲೆ ಬಗ್ಗಿಕೊಂಡು ನಮ್ಮ ರಾಜಧಾನಿ ಎಲ್ಲಿ ಅಂತ ಜಗಳ ಶುರು ಮಾಡಿದ್ದಾರೆ. ಆಗ ಯಾವ ಪುಸ್ತಕ ತೆಗೆಯುತ್ತೀರಿ?

ಪುಸ್ತಕ ಒಂದೇ ಇದ್ದಿದ್ದರೆ ಈ ಬರಹ ಬೇಕಿರಲಿಲ್ಲ. 2010ರಲ್ಲಿ ಆರು ಸಂಚಿಕೆಗಳಾಗಿ ಬಂದ ಮೂಲ ಕಿಂಗ್‌ಮೇಕರ್‌ನಲ್ಲಿ ಒಂದು ನಿಯಮ ಇದೆ. ಅದನ್ನೇ ತಿದ್ದಿ ತೀಡಿ 2013ರಲ್ಲಿ ಅಲ್ಟಿಮೇಟ್ ಕ್ಯಾಂಪೇನ್ ಎಂಬ ಪುಸ್ತಕದಲ್ಲಿ ಹಾಕಿದರು. 2022ರಲ್ಲಿ ಪಾತ್‌ಫೈಂಡರ್ ಎರಡನೇ ಆವೃತ್ತಿಗಾಗಿ ಇಡೀ ಕಥೆಯನ್ನು 640 ಪುಟದ ದಪ್ಪ ಪುಸ್ತಕ ಮಾಡಿದಾಗ ರಾಜ್ಯದ ನಿಯಮವನ್ನು ಬುಡದಿಂದ ಹೊಸದಾಗಿ ಬರೆದರು. ಅದೇ ಪುಸ್ತಕದಲ್ಲಿ, ಲೆಕ್ಕ ಬೇಡ ಅನ್ನುವವರಿಗೆ ರಾಜ್ಯವನ್ನು ಹಿನ್ನೆಲೆಯಲ್ಲಿಟ್ಟು ಕಥೆ ಮುಂದುವರಿಸುವ ದಾರಿಯೂ ಇದೆ. ಇದರ ಮೇಲೆ ಅಭಿಮಾನಿಗಳು ಮಾಡಿಕೊಂಡ ತಿದ್ದುಪಡಿಗಳು ಬೇರೆ.

2013ರ ನಿಯಮವನ್ನು ನಾನು ಎರಡು ವರ್ಷ ಆಡಿಸಿದ್ದೇನೆ. 2022ರದ್ದನ್ನು ಈಗ ಆಡಿಸುತ್ತಿದ್ದೇನೆ. 2010ರದ್ದನ್ನು ಗೆಳೆಯರ ಟೇಬಲ್‌ನಲ್ಲಿ ಆಟಗಾರನಾಗಿ ಕೂತು ನೋಡಿದ್ದೇನೆ. ಇಷ್ಟೂ ಆದಮೇಲೆ ನನಗೆ ಅನ್ನಿಸುವುದು ಇಷ್ಟು. ಯಾವ ನಿಯಮ ಹೊಸದು, ಯಾವುದರಲ್ಲಿ ಆಯ್ಕೆ ಜಾಸ್ತಿ ಅಂತ ನೋಡಿ ಆರಿಸಬೇಡಿ. ರಾಜ್ಯದ ಒಂದು ತಿಂಗಳು ನಿಮ್ಮ ಟೇಬಲ್‌ನ ಎಷ್ಟು ಹೊತ್ತು ತಿನ್ನುತ್ತದೆ, ಆ ಹೊತ್ತಿನಲ್ಲಿ ಎಷ್ಟು ಜನರ ಕೈಯಲ್ಲಿ ಕೆಲಸ ಇರುತ್ತದೆ, ಈ ಎರಡನ್ನು ನೋಡಿ. ಉಳಿದ ಜಗಳವೆಲ್ಲ ಇದರ ಹಿಂದೆಯೇ ಬರುತ್ತದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಮ್ಮಲ್ಲಿ ಬಹಳ ಜನಕ್ಕೆ ಕಿಂಗ್‌ಮೇಕರ್ ಗೊತ್ತಾಗಿದ್ದು 2018ರಲ್ಲಿ ಔಲ್‌ಕ್ಯಾಟ್ ಗೇಮ್ಸ್ ತಂದ ಕಂಪ್ಯೂಟರ್ ಆಟದಿಂದ. ಅದರಲ್ಲಿರುವ ಸಲಹೆಗಾರರು, ಹತ್ತು ಅಂಕಿಗಳು, ದಿನ ಎಣಿಸುವ ಯೋಜನೆಗಳು ಇವ್ಯಾವುವೂ ಟೇಬಲ್‌ನ ನಿಯಮಗಳಲ್ಲಿ ಹಾಗೇ ಇಲ್ಲ. ಅದನ್ನು ಮನಸ್ಸಲ್ಲಿಟ್ಟುಕೊಂಡು ಬಂದರೆ ಮೂರೂ ನಿಯಮಗಳು ವಿಚಿತ್ರವಾಗಿ ಕಾಣುತ್ತವೆ.

ಮೂರಕ್ಕೂ ಇರುವ ಬೇರು

ನಕ್ಷೆ ಆರು ಮೂಲೆಯ ಹೆಕ್ಸ್‌ಗಳಲ್ಲಿ ಇರುತ್ತದೆ. ಒಂದು ಹೆಕ್ಸ್ ಅಂದರೆ 12 ಮೈಲಿ ಅಗಲ. ಹೆಕ್ಸ್ ಸುತ್ತಿ ನೋಡುತ್ತೀರಿ, ಅಪಾಯ ತೆಗೆಯುತ್ತೀರಿ, ಆಮೇಲೆ ಅದನ್ನು ನಮ್ಮದು ಅಂತ ಸೇರಿಸಿಕೊಳ್ಳುತ್ತೀರಿ. ರಾಜ್ಯದ ಲೆಕ್ಕ ತಿಂಗಳಿಗೊಮ್ಮೆ. ಪ್ರತಿ ತಿಂಗಳು ರಾಜ್ಯಕ್ಕೆ ತಿನ್ನಲು ಬೇಕು, ಅದಕ್ಕೆ ಹೊಲ ಬೇಕು. ರಾಜ್ಯ ಬೆಳೆದಷ್ಟೂ ದಾಳದಲ್ಲಿ ದಾಟಬೇಕಾದ ಅಂಕಿ ಏರುತ್ತದೆ, ಅದನ್ನು ಕಂಟ್ರೋಲ್ ಡಿಸಿ ಅನ್ನುತ್ತಾರೆ. ಜನರ ಅಸಮಾಧಾನಕ್ಕೆ ಅನ್‌ರೆಸ್ಟ್ ಅಂತ ಇನ್ನೊಂದು ಅಂಕಿ. ಅದು 20 ಮುಟ್ಟಿದರೆ ಅರಾಜಕತೆ. ಪಟ್ಟಣಕ್ಕೆ 36 ಚೌಕದ ಒಂದು ಹಾಳೆ ಇರುತ್ತದೆ, ಅದರಲ್ಲಿ ಒಂದೊಂದೇ ಕಟ್ಟಡ ತುಂಬುತ್ತಾ ಹೋಗಬೇಕು. ಈ ಹಾಳೆ ಮಾತ್ರ ಎಲ್ಲರಿಗೂ ಇಷ್ಟ. ದಾಳ ಉರುಳಿಸುವುದು ಬೇಜಾರು ಅನ್ನುವವರೂ ಇದರ ಮೇಲೆ ಪೆನ್ಸಿಲ್ ಹಿಡಿದರೆ ಬಿಡುವುದಿಲ್ಲ.

2010ರ ಮೂಲ

ಇದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಎರಡನೇ ಸಂಚಿಕೆಯಲ್ಲಿ ಕೆಲವೇ ಪುಟಗಳಲ್ಲಿ ಬಂದ ನಿಯಮ ಇದು, ಸೇನೆಯ ಯುದ್ಧದ ನಿಯಮ ಐದನೇ ಸಂಚಿಕೆಯಲ್ಲಿ. ಅರ್ಥವಾಗಲು ಸುಲಭ. ಎಕಾನಮಿ, ಲಾಯಲ್ಟಿ, ಸ್ಟೆಬಿಲಿಟಿ ಅಂತ ಮೂರೇ ಅಂಕಿ. ಬಿಲ್ಡ್ ಪಾಯಿಂಟ್ ಅಂತ ಒಂದೇ ಹಣ, ಶುರುವಿಗೆ 50 ಕೊಡುತ್ತಾರೆ.

ತೊಂದರೆ ಇರುವುದು ಮಾಯಾ ವಸ್ತುಗಳಲ್ಲಿ. ಕೆಲವು ಕಟ್ಟಡ ಕಟ್ಟಿದರೆ ಪಟ್ಟಣದಲ್ಲಿ ತಾನಾಗಿ ಮಾಯಾ ವಸ್ತುಗಳು ಹುಟ್ಟುತ್ತವೆ, ಅವನ್ನು ರಾಜ್ಯ ಮಾರಿ ಬಿಲ್ಡ್ ಪಾಯಿಂಟ್ ಮಾಡಿಕೊಳ್ಳಬಹುದು. ಸಣ್ಣದಕ್ಕೆ 2, ಮಧ್ಯಮಕ್ಕೆ 8, ದೊಡ್ಡದಕ್ಕೆ 15. ತೆರಿಗೆ ದಾಳದಲ್ಲಿ ಗೆದ್ದರೂ ಸಿಗುವುದು ಬಿದ್ದ ಮೊತ್ತವನ್ನು ಐದರಿಂದ ಭಾಗಿಸಿದಷ್ಟು ಮಾತ್ರ. ಅಂದಮೇಲೆ ಯಾರು ತಾನೇ ತೆರಿಗೆ ನೆಚ್ಚಿಕೊಂಡು ಕೂರುತ್ತಾರೆ? ನಾನು ಆಡಿದ ಟೇಬಲ್‌ನಲ್ಲಿ ಮೂರನೇ ಸಂಚಿಕೆ ಮುಗಿಯುವ ಹೊತ್ತಿಗೆ ನಮ್ಮ ರಾಜಧಾನಿಯಲ್ಲಿ ಬೀದಿಗೊಂದು ಮಾಯಾ ವಸ್ತುವಿನ ಅಂಗಡಿ, ಪಕ್ಕದಲ್ಲೇ ಕಳ್ಳಸಂತೆ. ಶಾಲೆ ಇಲ್ಲ, ಸ್ಮಶಾನ ಇಲ್ಲ. ಅದು ಊರು ಅಂತ ಯಾರಿಗೂ ಅನ್ನಿಸುತ್ತಿರಲಿಲ್ಲ.

ಹಳೆಯ ಆರು ಸಂಚಿಕೆ ಕೈಯಲ್ಲಿದ್ದರೆ ಕಥೆಗೆ ಖಂಡಿತ ಬಳಸಿ. ರಾಜ್ಯದ ನಿಯಮಕ್ಕೆ ಮಾತ್ರ 2013ರದ್ದಕ್ಕೆ ಹೋಗಿ. ಇಲ್ಲಿ ನನಗೆ ಯಾವ ಅನುಮಾನವೂ ಇಲ್ಲ.

2013: ಅಲ್ಟಿಮೇಟ್ ಕ್ಯಾಂಪೇನ್

ಇದು ಅದೇ ಮನೆ, ಸುಣ್ಣಬಣ್ಣ ಆಗಿದೆ, ಸೋರುತ್ತಿದ್ದ ಮಾಳಿಗೆ ಸರಿಮಾಡಿದ್ದಾರೆ. ಅಂಕಿ ಅದೇ ಮೂರು. ಮಾಯಾ ವಸ್ತು ಮಾರುವ ದಾರಿ ಮುಚ್ಚಿದ್ದಾರೆ. ಬದಲಿಗೆ ತೆರಿಗೆಯನ್ನು ಗಟ್ಟಿ ಮಾಡಿದ್ದಾರೆ, ಎಕಾನಮಿ ದಾಳದ ಮೊತ್ತವನ್ನು ಮೂರರಿಂದ ಭಾಗಿಸಿದಷ್ಟು ಬೊಕ್ಕಸಕ್ಕೆ ಬರುತ್ತದೆ.

ಒಂದು ತಿಂಗಳು ಹೇಗಿರುತ್ತದೆ ಅಂತ ಲೆಕ್ಕ ಹಾಕಿಯೇ ತೋರಿಸುತ್ತೇನೆ. ನಿಮ್ಮದು 12 ಹೆಕ್ಸ್, ಒಂದೇ ಪಟ್ಟಣ. ಕಂಟ್ರೋಲ್ ಡಿಸಿ ಅಂದರೆ 20, ಅದಕ್ಕೆ ಹೆಕ್ಸ್ 12, ಪಟ್ಟಣದ ಬಡಾವಣೆ (36 ಚೌಕದ ಒಂದು ಹಾಳೆ) 1, ಒಟ್ಟು 33. ಮೊದಲು ಸ್ಟೆಬಿಲಿಟಿ ದಾಳ, ಅಂದರೆ 20 ಮುಖದ ದಾಳಕ್ಕೆ ಸ್ಟೆಬಿಲಿಟಿಯ ಅಂಕಿ ಕೂಡಿಸಿದ್ದು. 33 ಮುಟ್ಟಿದರೆ ಅನ್‌ರೆಸ್ಟ್ ಒಂದು ಇಳಿಯುತ್ತದೆ, ಇಲ್ಲದಿದ್ದರೆ ಏರುತ್ತದೆ. ಆಮೇಲೆ ಊಟದ ಖರ್ಚು. ಹೆಕ್ಸ್‌ಗೆ ಒಂದರಂತೆ 12, ಬಡಾವಣೆಗೆ 1, ಒಟ್ಟು 13. ನಾಲ್ಕು ಹೊಲ ಇದ್ದರೆ ತಲಾ ಎರಡರಂತೆ 8 ಕಳೆಯಿರಿ, ಕೊಡಬೇಕಾದದ್ದು 5. ಆಮೇಲೆ ತೆರಿಗೆ. ಎಕಾನಮಿ 24 ಇದೆ, ದಾಳ 11 ಬಿತ್ತು, ಮೊತ್ತ 35, ಮೂರರಿಂದ ಭಾಗಿಸಿದರೆ 11. ಖರ್ಚು ಕಳೆದು ಈ ತಿಂಗಳು 6 ಉಳಿಯಿತು. ಅದೇ ದಾಳಕ್ಕೆ 2010ರ ನಿಯಮದಲ್ಲಿ ಬರುತ್ತಿದ್ದದ್ದು 7 ಮಾತ್ರ, ಖರ್ಚು ಕಳೆದರೆ ಉಳಿಯುವುದು 2. ಮನೆಗಳ ಸಾಲು ಕಟ್ಟಲು 3 ಬೇಕು, ಕೋಟೆಗೆ 54 ಬೇಕು. ಅಂದರೆ ಕೋಟೆ ಬೇಕು ಅಂದವರು ಕೂಡಿಡಬೇಕು, ಕೂಡಿಡುವ ತಿಂಗಳುಗಳಲ್ಲಿ ಬೇರೆ ಏನನ್ನೋ ಬಿಡಬೇಕು. ಈ ನಿಯಮದ ರುಚಿ ಇರುವುದೇ ಇಲ್ಲಿ.

ಒಮ್ಮೆ ರೂಢಿಯಾದರೆ ಇಡೀ ತಿಂಗಳು ಹತ್ತು ಹದಿನೈದು ನಿಮಿಷದಲ್ಲಿ ಮುಗಿಯುತ್ತದೆ. ನಮ್ಮಲ್ಲಿ ಖಜಾಂಚಿ ಪಾತ್ರ ಆಡುತ್ತಿದ್ದ ಗೆಳತಿ ಒಂದು ಸ್ಪ್ರೆಡ್‌ಶೀಟ್ ಮಾಡಿಟ್ಟಿದ್ದಳು, ಕಟ್ಟಡದ ಹೆಸರು ಬರೆದರೆ ಮೂರೂ ಅಂಕಿ ತಾನಾಗಿ ಬದಲಾಗುತ್ತಿತ್ತು. ಶನಿವಾರ ರಾತ್ರಿ ವಾಟ್ಸಾಪ್‌ನಲ್ಲಿ ನಾಲ್ಕು ಮೆಸೇಜ್, ಭಾನುವಾರ ಸೆಷನ್ ಶುರುವಾಗುವ ಹೊತ್ತಿಗೆ ಎರಡು ತಿಂಗಳು ಕಳೆದಿರುತ್ತಿತ್ತು.

ನನಗೆ ಇದರಲ್ಲಿ ತುಂಬ ಇಷ್ಟವಾದ ಸಂಗತಿ ಇನ್ನೊಂದಿದೆ. ನಿಮ್ಮ ಪಾತ್ರದ ಗುಣ ರಾಜ್ಯಕ್ಕೆ ನೇರವಾಗಿ ಸೇರುತ್ತದೆ. ರಾಣಿಯ ಕರಿಸ್ಮಾ, ಅಂದರೆ ವರ್ಚಸ್ಸಿನಿಂದ ಸಿಗುವ ಬೋನಸ್ ರಾಜ್ಯದ ಅಂಕಿಗೆ ಕೂಡುತ್ತದೆ. ಖಜಾಂಚಿಯ ಇಂಟೆಲಿಜೆನ್ಸ್ ಅಥವಾ ವಿಸ್‌ಡಂ ಎಕಾನಮಿಗೆ ಹೋಗುತ್ತದೆ. ದಂಡನಾಯಕನ ಬಲವೋ ವರ್ಚಸ್ಸೋ ಸ್ಟೆಬಿಲಿಟಿಗೆ. ಪಾತ್ರ ಬೆಳೆದರೆ ರಾಜ್ಯವೂ ಬೆಳೆಯಿತು, ಪಾತ್ರ ಸತ್ತರೆ ರಾಜ್ಯಕ್ಕೆ ಪೆಟ್ಟು ಬಿತ್ತು. ನಮ್ಮ ಮಾರ್ಷಲ್ (ಹಳ್ಳಿಗಾಡಿನ ಕಾವಲು ನೋಡುವ ಬೇರೆ ಹುದ್ದೆ, ಇದರ ಅಂಕಿ ಎಕಾನಮಿಗೆ) ಒಂದು ಗುಹೆಯಲ್ಲಿ ಸತ್ತ ಮರುತಿಂಗಳು ಆ ಜಾಗ ಖಾಲಿ ಬಿದ್ದು ಎಕಾನಮಿ ಇಳಿಯಿತು, ಟೇಬಲ್‌ನಲ್ಲಿ ಯಾರೂ ಮಾತಾಡಲಿಲ್ಲ. ನಿಯಮ ಕಥೆಗೆ ಕೈ ಕೊಟ್ಟ ಗಳಿಗೆ ಅದು.

ತಪ್ಪುಗಳೂ ಇವೆ. ಹೆಕ್ಸ್ ಒಂದು ಸೇರಿದರೆ ಡಿಸಿ ಒಂದು ಏರುತ್ತದೆ, ಆದರೆ ಕಟ್ಟಡಗಳು ಎರಡು, ಮೂರು, ನಾಲ್ಕರಂತೆ ಅಂಕಿ ಕೊಡುತ್ತಲೇ ಇರುತ್ತವೆ. ಹಾಗಾಗಿ ಮೊದಲ ವರ್ಷ ದಾಟುವವರೆಗೆ ಎದೆ ಢವಢವ, ಅದಾದಮೇಲೆ ದಾಳ ಉರುಳಿಸುವುದೇ ಶಾಸ್ತ್ರಕ್ಕೆ. ದಾಳದಲ್ಲಿ 1 ಬಿದ್ದರೆ ಮಾತ್ರ ಸೋಲು. ಆಮೇಲೆ ಹುದ್ದೆಗಳು ತುಂಬ, ಹದಿನಾಲ್ಕು. ಐದು ಆಟಗಾರರಿದ್ದರೆ ಉಳಿದ ಒಂಬತ್ತಕ್ಕೆ ಜಿಎಂ ಜನ ಹುಡುಕಬೇಕು, ಅವರ ಹೆಸರು ನೆನಪಿಡಬೇಕು. ಮುಖ್ಯವಾದ ಕೊರತೆ ಇದು: ಕೆಲಸ ಎಲ್ಲ ಒಬ್ಬರ ಕೈಗೆ ಹೋಗುತ್ತದೆ. ಸ್ಪ್ರೆಡ್‌ಶೀಟ್ ಯಾರ ಹತ್ತಿರ ಇದೆಯೋ ಅವರೇ ನಿಜವಾದ ರಾಜ. ಉಳಿದವರು ಹೂಂ ಅನ್ನುತ್ತಾರೆ. ನಮ್ಮಲ್ಲೂ ಅದೇ ಆಯಿತು, ಎರಡನೇ ವರ್ಷದಲ್ಲಿ ಖಜಾಂಚಿ ಊರಿಗೆ ಹೋದಾಗ ರಾಜ್ಯವೇ ನಿಂತುಹೋಯಿತು.

ಲೆಜೆಂಡರಿ ಗೇಮ್ಸ್‌ನವರು ಇದರ ಮೇಲೆ ಅಲ್ಟಿಮೇಟ್ ರೂಲರ್‌ಶಿಪ್ ಅಂತ ಒಂದು ಪೂರಕ ಪುಸ್ತಕ ತಂದಿದ್ದಾರೆ. ಲೆಕ್ಕ ಇನ್ನೂ ಬೇಕು ಅನ್ನುವ ಟೇಬಲ್‌ಗೆ ಸರಿ, ಮೊದಲ ಸಲ ಆಡಿಸುವವರಿಗೆ ಬೇಡ.

2022: ಎರಡನೇ ಆವೃತ್ತಿ

ಇಲ್ಲಿ ರಾಜ್ಯವೇ ಒಂದು ಪಾತ್ರ. ಅದಕ್ಕೂ ಒಂದು ಶೀಟ್. ಕಲ್ಚರ್, ಎಕಾನಮಿ, ಲಾಯಲ್ಟಿ, ಸ್ಟೆಬಿಲಿಟಿ ಅಂತ ನಾಲ್ಕು ಗುಣ. ಕೃಷಿ, ಕಲೆ, ದೋಣಿ, ರಕ್ಷಣೆ, ವ್ಯಾಪಾರ, ಒಳಸಂಚು ಹೀಗೆ ಹದಿನಾರು ಸ್ಕಿಲ್. ರಾಜ್ಯಕ್ಕೆ ಲೆವೆಲ್ ಇದೆ, 1000 ಎಕ್ಸ್‌ಪಿ (ಅನುಭವದ ಅಂಕ) ಆದರೆ ಮುಂದಿನ ಲೆವೆಲ್. ಫೀಟ್ ಅನ್ನುವ ವಿಶೇಷ ಸಾಮರ್ಥ್ಯಗಳೂ ಇವೆ. ಹುದ್ದೆ ಎಂಟಕ್ಕೆ ಇಳಿದಿದೆ, ಅದು ಒಳ್ಳೆಯದಾಯಿತು.

ಹಣದ ರೀತಿಯೇ ಬೇರೆ. ಪ್ರತಿ ತಿಂಗಳು ರಾಜ್ಯದ ಲೆವೆಲ್‌ಗೆ ನಾಲ್ಕು ಕೂಡಿಸಿದಷ್ಟು ದಾಳ ಉರುಳಿಸುತ್ತೀರಿ, ಬಂದದ್ದು ಆ ತಿಂಗಳ ರಿಸೋರ್ಸ್ ಪಾಯಿಂಟ್. ರಾಜ್ಯ ಚಿಕ್ಕದಿದ್ದಾಗ ನಾಲ್ಕು ಮುಖದ ದಾಳ, ದೊಡ್ಡದಾದಂತೆ ಆರು, ಎಂಟು ಹೀಗೆ ಏರುತ್ತದೆ. ಖರ್ಚಾಗದೆ ಉಳಿದದ್ದು ಮುಂದಿನ ತಿಂಗಳಿಗೆ ಹೋಗುವುದಿಲ್ಲ, ಎಕ್ಸ್‌ಪಿ ಆಗಿಬಿಡುತ್ತದೆ. ಕೂಡಿಟ್ಟು ಕೋಟೆ ಕಟ್ಟುವ ಆ ಹಳೆಯ ಸುಖ ಇಲ್ಲಿಲ್ಲ. ಕೂಡಿಡಬೇಕಾದದ್ದು ಮರ, ಕಲ್ಲು, ಅದಿರು, ಧಾನ್ಯ, ಐಷಾರಾಮಿ ಸರಕು, ಈ ಐದು.

ಇನ್ನು ನಾಯಕರ ಕೆಲಸ. ಪ್ರತಿ ಆಟಗಾರನಿಗೂ ತಿಂಗಳಿಗೆ ಎರಡು ಕೆಲಸ ಸಿಗುತ್ತದೆ, ರಾಜಧಾನಿಯಲ್ಲಿ ಕೋಟೆಯೋ ಪುರಭವನವೋ ಎದ್ದಮೇಲೆ ಮೂರು. ಇದಲ್ಲದೆ ಪ್ರದೇಶದ ಕೆಲಸ ಎಲ್ಲರೂ ಸೇರಿ ಮೂರು, ಪಟ್ಟಣಕ್ಕೊಂದು ಕಟ್ಟಡದ ಕೆಲಸ. ಐದು ಜನರ ಟೇಬಲ್‌ಗೆ ಹತ್ತು, ಮೂರು, ಒಂದು. ಹದಿನಾಲ್ಕು ಕೆಲಸ, ಹೆಚ್ಚುಕಡಿಮೆ ಎಲ್ಲದಕ್ಕೂ ದಾಳ. 2013ರಲ್ಲಿ ಒಬ್ಬರ ಕೈಗೆ ಹೋಗುತ್ತಿದ್ದ ರಾಜ್ಯ ಇಲ್ಲಿ ಎಲ್ಲರ ಕೈಗೂ ಬರುತ್ತದೆ. ಇದು ಈ ನಿಯಮದ ದೊಡ್ಡ ಗುಣ. ಹೊತ್ತು ತಿನ್ನುವುದೂ ಇದೇ.

ನಮ್ಮ ಮೊದಲ ತಿಂಗಳು ಹೇಗೆ ಹೋಯಿತು ಅಂತ ಹೇಳುತ್ತೇನೆ. ಹೊಳೆ ದಾಟುವ ಕಡೆ ಕಲ್ಲುಬಂಡೆಗಳಿದ್ದ ಜಾಗದಲ್ಲಿ ರಾಜಧಾನಿ ಮಾಡಿ ಅದಕ್ಕೆ ಕಲ್ಲುಹೊಳೆ ಅಂತ ಹೆಸರಿಟ್ಟರು. ಎಲ್ಲರಿಗೂ ಖುಷಿ. ಐದು ದಾಳ ಉರುಳಿಸಿ 11 ಪಾಯಿಂಟ್ ಬಂತು. ಮೊದಲನೆಯವನು ಹೊಲ ಮಾಡಲು ಹೋದ. ಲೆವೆಲ್ ಒಂದರ ರಾಜ್ಯಕ್ಕೆ ಕಂಟ್ರೋಲ್ ಡಿಸಿ 14. ಕೃಷಿ ಸ್ಕಿಲ್ ನಮ್ಮ ರಾಜ್ಯ ಕಲಿತಿರಲಿಲ್ಲ, ಕೂಡಿಸಲು ಇದ್ದದ್ದು ಬರೀ 1. ಅಂದರೆ ದಾಳದಲ್ಲಿ 13 ಬೀಳಬೇಕು, ಹತ್ತರಲ್ಲಿ ನಾಲ್ಕು ಸಲ ಮಾತ್ರ ಗೆಲುವು. ಬಿದ್ದದ್ದು 9. ಎರಡನೆಯವಳು ಪಕ್ಕದ ಹೆಕ್ಸ್ ಸೇರಿಸಿಕೊಳ್ಳಲು ಹೋದಳು. ಆ ಸ್ಕಿಲ್ ಕಲಿತದ್ದು, 5 ಕೂಡುತ್ತಿತ್ತು, ಆದರೂ ದಾಳ 6 ಬಿತ್ತು. ಮೂರನೆಯವನು ಮನೆ ಕಟ್ಟಲು ಹೋದ. ಹೌದು, ಈ ನಿಯಮದಲ್ಲಿ ಮನೆ ಕಟ್ಟಲಿಕ್ಕೂ ದಾಳ ಬೇಕು. 2013ರಲ್ಲಿ ದುಡ್ಡು ಕೊಟ್ಟರೆ ಮುಗಿಯಿತು, ಕಟ್ಟಡ ಎದ್ದೇಳುತ್ತದೆ. ಇಲ್ಲಿ ಸೋತರೆ ಆ ತಿಂಗಳು ಮನೆ ಇಲ್ಲ. ಕಲ್ಲುಹೊಳೆಯಲ್ಲಿ ಎರಡು ತಿಂಗಳು ಮನೆ ಏಳಲೇ ಇಲ್ಲ. ಪಟ್ಟಣದ ಹಾಳೆಯ ಮೇಲೆ ಪೆನ್ಸಿಲ್ ಹಿಡಿದು ಕೂತಿದ್ದ ಹುಡುಗ ಎರಡು ಸಲವೂ ಬರೆದು ರಬ್ಬರ್‌ನಲ್ಲಿ ಅಳಿಸಿದ, ಆ ಚೌಕದ ಕಾಗದ ತೆಳ್ಳಗಾಗಿ ಹೋಗಿತ್ತು. ಒಂದು ತಿಂಗಳ ಲೆಕ್ಕ ಮುಗಿಯುವ ಹೊತ್ತಿಗೆ ಹೆಚ್ಚುಕಡಿಮೆ ಎರಡು ಗಂಟೆ. ಆ ದಿನ ಸಾಹಸವೇ ಆಗಲಿಲ್ಲ.

ಇದು ನಮ್ಮ ದುರದೃಷ್ಟ ಅಷ್ಟೇ ಅಲ್ಲ. ಸ್ಕಿಲ್ ಹದಿನಾರು, ಶುರುವಿನಲ್ಲಿ ಕಲಿತಿರುವುದು ಅದರಲ್ಲಿ ಒಂದು ಪಾಲು ಮಾತ್ರ. ಹಾಗಾಗಿ ಮೊದಲ ನಾಲ್ಕೈದು ಲೆವೆಲ್‌ಗಳಲ್ಲಿ ಮಾಡಬೇಕಾದ ಕೆಲಸಕ್ಕೂ ಗೊತ್ತಿರುವ ವಿದ್ಯೆಗೂ ಹೊಂದಿಕೆ ಆಗುವುದಿಲ್ಲ. ಮುದ್ರಿತ ನಿಯಮವನ್ನು ಹಾಗೇ ಆಡಿಸುವ ಮೊದಲು ಇದನ್ನು ತಿಳಿದಿರಬೇಕು.

ಇನ್ನೊಂದು ನನಗೆ ನಿಜಕ್ಕೂ ನೋವಾಗುವ ವಿಷಯ. ನಿಮ್ಮ ಪಾತ್ರದ ಗುಣ ಇಲ್ಲಿ ರಾಜ್ಯದ ದಾಳಕ್ಕೆ ಸೇರುವುದೇ ಇಲ್ಲ. ರಾಣಿ ಊರಿಗೆಲ್ಲ ಮಾತಲ್ಲೇ ಮೋಡಿ ಮಾಡುವ ಬಾರ್ಡ್ ಆಗಿದ್ದರೂ, ಮಾತೇ ಬಾರದ ಒರಟ ಆಗಿದ್ದರೂ ರಾಜ್ಯಕ್ಕೆ ಒಂದೇ. ನಮ್ಮ ರಾಣಿ ಮೊದಲ ತಿಂಗಳೇ ಕೇಳಿದಳು, "ಜನರನ್ನು ಸಮಾಧಾನ ಮಾಡಲು ನಾನೇ ಹೋಗಿ ಮಾತಾಡಿದರೂ ಅದೇ ದಾಳನಾ?" ಪುಸ್ತಕದ ಪ್ರಕಾರ ಹೌದು, ಅದೇ ದಾಳ.

ಇಷ್ಟೆಲ್ಲ ಹೇಳಿದರೂ ನಾನು ಈಗ ಆಡಿಸುತ್ತಿರುವುದು ಇದನ್ನೇ. ಯಾಕೆಂದರೆ ಸೋಲಿಗೂ ಇಲ್ಲಿ ಬಣ್ಣ ಇದೆ. ಬರೀ ಅನ್‌ರೆಸ್ಟ್ ಏರುವುದಿಲ್ಲ, ಲಂಚ, ಅಪರಾಧ, ಶಿಥಿಲತೆ, ಕಲಹ ಅಂತ ನಾಲ್ಕು ಬಗೆಯ ಹಾಳು ಬೇರೆಬೇರೆಯಾಗಿ ಏರುತ್ತದೆ. ಅಪರಾಧ ಏರಿದರೆ ಮುಂದಿನ ಸೆಷನ್‌ಗೆ ನನಗೆ ಕಥೆ ಸಿಕ್ಕಿತು. ಶಿಥಿಲತೆ ಏರಿದರೆ ಸೇತುವೆ ಕುಸಿಯಿತು. ರಾಜ್ಯ ಲೆವೆಲ್ ಏರಿದಂತೆ ಡಿಸಿಯೂ ಏರುವುದರಿಂದ ಕೊನೆಯವರೆಗೂ ದಾಳಕ್ಕೆ ಬೆಲೆ ಇರುತ್ತದೆ, 2013ರಂತೆ ಅರ್ಧಕ್ಕೇ ಸಪ್ಪೆಯಾಗುವುದಿಲ್ಲ. ಆಮೇಲೆ ಈ 640 ಪುಟದ ಕಥೆಯಲ್ಲಿ ಅಲ್ಲಲ್ಲಿ ಬರುವ ಘಟನೆಗಳು ಇದೇ ಅಂಕಿಗಳಿಗೆ ತಗುಲಿಕೊಂಡಿವೆ. ಬೇರೆ ನಿಯಮ ಹಾಕಿದರೆ ಅವನ್ನೆಲ್ಲ ನೀವೇ ಬಿಡಿಸಿ ಕಟ್ಟಬೇಕು.

ಸೇನೆಯ ವಿಷಯ ಬೇಗ ಹೇಳಿ ಮುಗಿಸುತ್ತೇನೆ. 2013ರಲ್ಲಿ ಒಂದು ಸೇನೆ ಅಂದರೆ ಮೂರ್ನಾಲ್ಕು ಅಂಕಿ, ಎರಡೂ ಕಡೆ ದಾಳ ಉರುಳಿಸಿ ವ್ಯತ್ಯಾಸದಷ್ಟು ಪೆಟ್ಟು, ಹತ್ತು ನಿಮಿಷದಲ್ಲಿ ಯುದ್ಧ ಮುಗಿಯುತ್ತದೆ. 2022ರಲ್ಲಿ ಸೇನೆಗೂ ಸರದಿಯಲ್ಲಿ ಹಲವು ಕ್ರಿಯೆ, ತಂತ್ರಗಳು. ನೋಡಲು ಚೆಂದ, ಮುಗಿಯಲು ತಡ. ನನ್ನ ಮಟ್ಟಿಗೆ ಯುದ್ಧ 2013ರದ್ದೇ ಮೇಲು.

ನಾವು ಮಾಡಿಕೊಂಡ ತಿದ್ದುಪಡಿ

ಅಭಿಮಾನಿಗಳು ಪೂರ್ತಿಯಾಗಿ ತಿದ್ದಿ ಬರೆದ 2022ರ ನಿಯಮಗಳು ಸಿಗುತ್ತವೆ, ಕೆಲವು ನಿಜಕ್ಕೂ ಶ್ರದ್ಧೆಯಿಂದ ಮಾಡಿದ್ದು. ಆದರೆ ಅವುಗಳಲ್ಲಿ ಬಹಳಷ್ಟು ಮೂಲಕ್ಕಿಂತ ಉದ್ದ. ನಾವು ನಾಲ್ಕೇ ಬದಲಾವಣೆ ಮಾಡಿದೆವು.

ರಾಜ್ಯ ಐದನೇ ಲೆವೆಲ್ ಮುಟ್ಟುವವರೆಗೆ ಕಂಟ್ರೋಲ್ ಡಿಸಿಯಲ್ಲಿ ಎರಡು ಕಡಿಮೆ. ಪ್ರತಿ ಲೆವೆಲ್‌ಗೂ ಒಂದು ಸ್ಕಿಲ್ ಜಾಸ್ತಿ ಕಲಿಯಬಹುದು. ಕೆಲಸ ಮಾಡುವ ನಾಯಕನಿಗೆ ಆ ಕೆಲಸಕ್ಕೆ ಹೊಂದುವ ಸ್ವಂತ ವಿದ್ಯೆ ಇದ್ದರೆ ದಾಳಕ್ಕೆ ಒಂದು, ಅದರಲ್ಲಿ ಮಾಸ್ಟರ್ ಆಗಿದ್ದರೆ ಎರಡು ಕೂಡುತ್ತದೆ. ಹೇಗೆ ಮಾಡುತ್ತೇನೆ ಅಂತ ಎರಡು ಮಾತಿನಲ್ಲಿ ಹೇಳಬೇಕು, ಅಷ್ಟೇ ಷರತ್ತು. ಈ ಮೂರನೆಯದರಿಂದಲೇ ನಮ್ಮ ರಾಣಿ ಮತ್ತೆ ರಾಣಿಯಾದಳು. ನಾಲ್ಕನೆಯದು ಹೊತ್ತಿನದು: ನಾಯಕರ ಎರಡು ಕೆಲಸದಲ್ಲಿ ಒಂದನ್ನು ವಾರದ ಮಧ್ಯೆ ವಾಟ್ಸಾಪ್‌ನಲ್ಲಿ ಮುಗಿಸಬೇಕು, ಒಂದನ್ನು ಮಾತ್ರ ಟೇಬಲ್‌ಗೆ ತರಬೇಕು. ತಿಂಗಳ ಲೆಕ್ಕ ಈಗ ನಲವತ್ತು ನಿಮಿಷ.

ಆನ್‌ಲೈನ್ ಆಡುವವರಾದರೆ ಫೌಂಡ್ರಿ ಎಂಬ ತಂತ್ರಾಂಶದಲ್ಲಿ ರಾಜ್ಯದ ಶೀಟ್ ಸಿಗುತ್ತದೆ, ಕೂಡಿಸಿ ಕಳೆಯುವ ಕಷ್ಟ ಬಹಳ ಕಡಿಮೆ. ಎದುರಾಬದುರಾ ಕೂತು ಆಡುವವರು ಕೆಲಸಗಳ ಪಟ್ಟಿಯನ್ನು ಹುದ್ದೆವಾರು ಒಂದೊಂದು ಕಾರ್ಡ್ ಮೇಲೆ ಬರೆದು ಕೊಡಿ. ಇಡೀ ಪಟ್ಟಿ ಎದುರಿಗಿಟ್ಟರೆ ಹೊಸಬರು ಕಂಗಾಲಾಗುತ್ತಾರೆ.

ಹಿನ್ನೆಲೆಯಲ್ಲಿ ರಾಜ್ಯ

ಇದನ್ನು ಬಹಳ ಜನ ಸೋತವರ ದಾರಿ ಅಂತ ನೋಡುತ್ತಾರೆ. ನಾನು ಹಾಗೆ ನೋಡುವುದಿಲ್ಲ. ಕಥೆ ಮುಂದೆ ಹೋದಂತೆ ರಾಜ್ಯವೂ ತಾನಾಗಿ ಬೆಳೆಯುತ್ತದೆ, ದಾಳ ಇಲ್ಲ, ಲೆಕ್ಕ ಇಲ್ಲ. ಆಟಗಾರರು ತೀರ್ಮಾನ ಹೇಳುತ್ತಾರೆ, ಜಿಎಂ ಅದರ ಫಲ ಹೇಳುತ್ತಾರೆ. ತಿಂಗಳಿಗೆ ಎರಡೇ ಸಲ ಸೇರುವ ಟೇಬಲ್, ಮೂರು ಗಂಟೆಯಷ್ಟೇ ಸಿಗುವ ಟೇಬಲ್ ಇದನ್ನೇ ಹಿಡಿಯಬೇಕು. ಕಿಂಗ್‌ಮೇಕರ್ ಚಿಕ್ಕ ಕಥೆಯಲ್ಲ. ಪ್ರತಿ ಸೆಷನ್‌ನಿಂದ ಒಂದು ಗಂಟೆ ಲೆಕ್ಕಕ್ಕೆ ಹೋದರೆ ಕೊನೆ ಮುಟ್ಟುವುದು ಕಷ್ಟ, ಮಧ್ಯದಲ್ಲಿ ಯಾರಿಗೋ ಕೆಲಸ ಬದಲಾಗುತ್ತದೆ, ಯಾರಿಗೋ ಮಗು ಆಗುತ್ತದೆ, ಕ್ಯಾಂಪೇನ್ ನಿಲ್ಲುತ್ತದೆ.

ಒಂದು ಸಲಹೆ. ಈ ದಾರಿ ಹಿಡಿದರೂ ಪಟ್ಟಣದ ಹಾಳೆಯನ್ನು ಬಿಡಬೇಡಿ. ಪ್ರತಿ ಲೆವೆಲ್‌ಗೆ ತಲಾ ಒಂದು ಕಟ್ಟಡ ಆರಿಸಿ ಬರೆಯಲಿ. ಯಾವ ಅಂಕಿಯೂ ಬೇಡ. ಯಾರು ಏನು ಕಟ್ಟಿದರು ಅನ್ನುವುದು ನೆನಪಿನಲ್ಲಿ ಉಳಿಯುತ್ತದೆ.

ಕಿಂಗ್‌ಮೇಕರ್ ಅಲ್ಲದೆ ಬೇರೆ ಕಥೆ ಆಡುವವರಿಗೆ ಎರಡು ಸಾಲು. ಡಿ ಅಂಡ್ ಡಿ (ಡಂಜನ್ಸ್ ಅಂಡ್ ಡ್ರ್ಯಾಗನ್ಸ್) ಐದನೇ ಆವೃತ್ತಿಯವರಾದರೆ 2021ರ ಕಿಂಗ್‌ಡಮ್ಸ್ ಅಂಡ್ ವಾರ್‌ಫೇರ್ ನೋಡಬಹುದು. ಅದರಲ್ಲಿ ಹೆಕ್ಸ್, ಹೊಲ, ತಿಂಗಳ ಖರ್ಚು ಇವಿಲ್ಲ, ಒಂದು ರಾಜ್ಯ ಇನ್ನೊಂದರ ಮೇಲೆ ಮಾಡುವ ಸಂಚು ಮತ್ತು ಯುದ್ಧ ಇದೆ. 2024ರ ಡಂಜನ್ ಮಾಸ್ಟರ್ಸ್ ಗೈಡ್‌ನಲ್ಲಿ ಬಂದ ಬ್ಯಾಸ್ಟಿಯನ್ ನಿಯಮ ಒಬ್ಬೊಬ್ಬರ ಸ್ವಂತ ನೆಲೆಯ ಬಗ್ಗೆ, ರಾಜ್ಯದ ಬಗ್ಗೆ ಅಲ್ಲ. ಎರಡನ್ನೂ ಒಂದೇ ಅಂದುಕೊಂಡು ಕೊಳ್ಳಬೇಡಿ.

ಹಾಗಾದರೆ ನಿಮಗೆ ಯಾವುದು?

ಟೇಬಲ್‌ನಲ್ಲಿ ಲೆಕ್ಕ ಇಷ್ಟಪಡುವವರು ಒಬ್ಬರೋ ಇಬ್ಬರೋ ಇದ್ದು ಉಳಿದವರಿಗೆ ಸಾಹಸವೇ ಮುಖ್ಯವಾದರೆ 2013. ಮೂರಕ್ಕಿಂತ ಜಾಸ್ತಿ ಜನ ನನ್ನ ಸರದಿ ಯಾವಾಗ ಅಂತ ಕಾಯುವವರಾದರೆ 2022, ಆದರೆ ತಿದ್ದುಪಡಿ ಇಲ್ಲದೆ ಖಂಡಿತ ಬೇಡ. ಯಾರಿಗೂ ಇಷ್ಟವಿಲ್ಲ, ಜಿಎಂಗೆ ಮಾತ್ರ ಆಸೆ ಅಂದರೆ ಹಿನ್ನೆಲೆ. ಈ ಕೊನೆಯದನ್ನು ಒಪ್ಪಿಕೊಳ್ಳುವುದು ಜಿಎಂಗೆ ಬಹಳ ಕಷ್ಟ, ನನಗೆ ಗೊತ್ತು. ಆದರೂ ಮೊದಲ ಸೆಷನ್‌ಗೆ ಮುಂಚೆಯೇ ಎಲ್ಲರನ್ನೂ ಬಾಯಿಬಿಟ್ಟು ಕೇಳಿ. ಏನಾದರೂ ಸರಿ ಅಂದವರನ್ನು ಬೇಡ ಅಂದವರ ಲೆಕ್ಕಕ್ಕೆ ಸೇರಿಸಿ.

ದುಡ್ಡಿನ ಬಗ್ಗೆ ಚಿಂತೆ ಬೇಡ. 2013 ಮತ್ತು 2022ರ ರಾಜ್ಯ ನಿಯಮಗಳು ಆರ್ಕೈವ್ಸ್ ಆಫ್ ನೆಥಿಸ್ ಎಂಬ ಜಾಲತಾಣದಲ್ಲಿ ಪುಕ್ಕಟೆ ಓದಲು ಸಿಗುತ್ತವೆ. ಕಥೆಯ ಪುಸ್ತಕ ಮಾತ್ರ ಕೊಳ್ಳಬೇಕು. ಮೊದಲು ನಿಯಮ ಓದಿ, ಮೂರು ತಿಂಗಳು ಒಬ್ಬರೇ ಕೂತು ದಾಳ ಉರುಳಿಸಿ ನೋಡಿ, ಗಡಿಯಾರ ಇಟ್ಟುಕೊಂಡೇ ಮಾಡಿ.

ಎರಡನೇ ಆವೃತ್ತಿಯ ಪಾತ್ರಗಳಿಗೆ 2013ರ ರಾಜ್ಯ ಜೋಡಿಸಬಹುದಾ ಅಂತ ಬಹಳ ಜನ ಕೇಳುತ್ತಾರೆ. ಜೋಡಿಸಬಹುದು. ರಾಜ್ಯದ ದಾಳ ಪಾತ್ರದ ದಾಳದಿಂದ ಬೇರೆಯೇ ಇದೆ, ನಡುವೆ ಇರುವುದು ಪಾತ್ರದ ಗುಣದ ಅಂಕಿ ಒಂದೇ. ಎರಡು ಕಡೆ ಮಾತ್ರ ಹುಷಾರು. ಹಳೆಯದರಲ್ಲಿ 4000 ಚಿನ್ನದ ನಾಣ್ಯ ಬೊಕ್ಕಸಕ್ಕೆ ಹಾಕಿದರೆ ಒಂದು ಬಿಲ್ಡ್ ಪಾಯಿಂಟ್, ಬೊಕ್ಕಸದಿಂದ ತೆಗೆದರೆ ಒಂದಕ್ಕೆ 2000. ಎರಡನೇ ಆವೃತ್ತಿಯಲ್ಲಿ ಚಿನ್ನದ ಬೆಲೆ ಬಹಳ ಜಾಸ್ತಿ, 2000 ನಾಣ್ಯ ಕೈಗೆ ಬಂದರೆ ಪಾತ್ರಗಳು ತಮ್ಮ ಲೆವೆಲ್‌ಗೆ ಮೀರಿದ ಕತ್ತಿ ಕೊಳ್ಳುತ್ತವೆ. ಆ ಬಾಗಿಲನ್ನು ಪೂರ್ತಿ ಮುಚ್ಚಿಬಿಡಿ. ಇನ್ನೊಂದು, 2013ರಲ್ಲಿ ಅಲೈನ್‌ಮೆಂಟ್‌ನಿಂದ, ಅಂದರೆ ಒಳಿತು ಕೆಡುಕು, ಕಟ್ಟುಪಾಡುಗಳ ಕಡೆಗಿನ ಒಲವಿನಿಂದ, ರಾಜ್ಯಕ್ಕೆ ಅಂಕಿ ಸಿಗುತ್ತದೆ. ನಿಮ್ಮ ಟೇಬಲ್ ಅಲೈನ್‌ಮೆಂಟ್ ಬಿಟ್ಟಿದ್ದರೆ ಮೂರರಲ್ಲಿ ಯಾವುದಾದರೂ ಎರಡಕ್ಕೆ ತಲಾ ಎರಡು ಅಂಕಿ ಕೊಟ್ಟು ಮುಂದೆ ಹೋಗಿ.

ಮಧ್ಯದಲ್ಲಿ ನಿಯಮ ಬದಲಾಯಿಸಬೇಕಾಗಿ ಬಂದರೂ ಹೆದರಬೇಡಿ. ನಕ್ಷೆಯ ಗಡಿ, ಕಟ್ಟಿದ ಕಟ್ಟಡ, ಹೊಲ, ರಸ್ತೆ ಇವು ಹಾಗೇ ಇರಲಿ. ಅಂಕಿಗಳನ್ನು ಮಾತ್ರ ಹೊಸ ಶೀಟ್‌ನಲ್ಲಿ ಮೊದಲಿಂದ ಬರೆಯಿರಿ. 2022ರ ಕಡೆ ಬರುವವರು ರಾಜ್ಯದ ಲೆವೆಲ್ ಅನ್ನು ಪಾತ್ರಗಳ ಲೆವೆಲ್‌ಗಿಂತ ಒಂದು ಕಡಿಮೆ ಇಡಿ, ಬೊಕ್ಕಸದಲ್ಲಿ ಉಳಿದಿದ್ದನ್ನು ಮರ, ಕಲ್ಲು, ಧಾನ್ಯವಾಗಿ ಹಂಚಿಕೊಡಿ. ಬದಲಾವಣೆಗೆ ಒಂದು ಚಳಿಗಾಲ ಕಳೆಯಿತು ಅಂತ ಕಥೆಯಲ್ಲಿ ಹೇಳಿ. ನಮ್ಮಲ್ಲಿ ತಿದ್ದುಪಡಿ ಹಾಕಿದ್ದು ಹಾಗೆಯೇ. ಹಿಮ ಕರಗಿದ ತಿಂಗಳು ಮೊದಲ ಕೆಲಸ ಮನೆ ಕಟ್ಟುವುದೇ ಆಗಿತ್ತು, ದಾಳ 15 ಬಿತ್ತು, ಆ ತೆಳ್ಳಗಾದ ಚೌಕದಲ್ಲಿ ಹುಡುಗ ಈ ಸಲ ಪೆನ್‌ನಲ್ಲೇ ಬರೆದ.